ಬೆನ್ನಿಗೆ ಬಿದ್ದ ಬಿಸಿಲು

"ನೋ."

ಜಾನ್ವಿ ಅಂದದ್ದು ಅಷ್ಟೇ. ಕಿರುಚಲಿಲ್ಲ, ಅಳಲಿಲ್ಲ, ಕುರ್ಚಿಯಿಂದ ಏಳಲೂ ಇಲ್ಲ. ಆದರೂ ಚರ್ಚಿಗೆ ಅಂಟಿಕೊಂಡ ಪ್ಯಾರಿಷ್ ಹಾಲಿನ ಉದ್ದ ಮೇಜಿನ ಸುತ್ತ ಇಡ್ಲಿ ತಿನ್ನುತ್ತಿದ್ದ ಸಮಿತಿಯವರ ಚಮಚಗಳು ಒಟ್ಟಿಗೇ ನಿಂತವು.

ವಿಜಯ್ ಕುಮಾರ್ ಮಾತ್ರ ನಗು ಬಿಡಲಿಲ್ಲ. ಕನ್ನಡ ಭವನದ ಕಟ್ಟಡ ಸಮಿತಿಗೆ ಅವರೇ ಅಧ್ಯಕ್ಷರು. ಮೈಸೂರಿನ ಮೆತ್ತನೆ ಮಾತು, ಮಾತಿನ ತುಂಬ ಬೆಣ್ಣೆ. ಎದುರಿಗಿದ್ದವರು ಜಾರಿ ಬಿದ್ದ ಮೇಲೆಯೇ ಅದು ಬೆಣ್ಣೆ ಅಂತ ತಿಳಿಯುತ್ತಿತ್ತು.

"ನೋಡು ಪುಟ್ಟ, ನಿನ್ನ ಯಾರೂ ಕಳ್ಳಿ ಅಂತಿಲ್ಲ. ಡ್ರಾಯಿಂಗ್ ಮಾಡೋಕೆ ಏಣಿ ಹತ್ತಿದೆ, ಕೈ ತಗುಲ್ತು, ಗಾಜು ಬಿದ್ದು ಒಡೆದುಹೋಯ್ತು, ಹೆದರ್ಕೊಂಡು ಚೂರು ಎಸೆದುಬಿಟ್ಟೆ. ಅಷ್ಟು ಹೇಳು ಸಾಕು. ಆಕ್ಸಿಡೆಂಟ್! ಇನ್ಶೂರೆನ್ಸ್‌ನೋರು ನೋಡ್ಕೋತಾರೆ. ನೀಲಾಂಬಿಕಾ ಮೇಡಂ ಇಲ್ಲೇ ಕೂತಿದಾರಲ್ಲ, ಬರ್ಕೊಂಡು ಹೋಗ್ತಾರೆ."

"ಐ ಡಿಡ್ ನಾಟ್ ಬ್ರೇಕ್ ಇಟ್, ಅಂಕಲ್. ಐ ಡಿಡ್ ನಾಟ್ ಟೇಕ್ ಇಟ್ ಐದರ್. ಸೋ, ನೋ."

ಮೂಲೆಯಲ್ಲಿ ಪೇಪರ್ ಪ್ಲೇಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ನೀಲಾಂಬಿಕಾಗೆ ಒಳಗೊಳಗೇ ಖುಷಿಯಾಯಿತು. ಭಲೆ ಹುಡುಗಿ ಅನ್ನಿಸಿತು. ಆದರೆ ಮುಖದಲ್ಲಿ ತೋರಿಸಲಿಲ್ಲ. ಗದಗಿನಿಂದ ಅಮೆರಿಕಕ್ಕೆ ಬಂದು ಸೌತ್‌ಫೀಲ್ಡಿನ ಆಫೀಸ್ ಟವರಿನಲ್ಲಿ ಕೂತು ಇಪ್ಪತ್ತು ವರ್ಷದಿಂದ ಅವಳು ಮಾಡುತ್ತಿರುವುದು ಒಂದೇ ಕೆಲಸ: ಇನ್ಶೂರೆನ್ಸ್ ಕ್ಲೇಮುಗಳಲ್ಲಿ ಸುಳ್ಳು ಯಾವುದು, ನಿಜ ಯಾವುದು ಅಂತ ಮೂಸಿ ನೋಡುವುದು. ಸುಟ್ಟ ಗೋದಾಮಿನ ಬೂದಿ ಕೆದಕಿ ಬೆಂಕಿ ಹಚ್ಚಿದವನನ್ನು ಹಿಡಿದವಳು. ಈಗ ಪಾಲಿಗೆ ಬಂದದ್ದು ಒಂದು ಗಾಜು.

ಗುರುವಾರ ಬೆಳಗ್ಗೆ ಚರ್ಚಿನ ಬಲಿಪೀಠದ ಹಿಂದಿನ ಕಿಟಕಿಯಿಂದ ಆರುನೂರು ವರ್ಷ ಹಳೆಯ ಚಿತ್ರದ ಗಾಜು ಮಾಯವಾಗಿತ್ತು. ಇವತ್ತು ಶನಿವಾರ.

ವೆಸ್ಟ್ ಬ್ಲೂಮ್‌ಫೀಲ್ಡಿನ ಕನ್ನಡದವರೆಲ್ಲ ಅದನ್ನು ಕಲ್ಲು ಚರ್ಚು ಅಂತಲೇ ಕರೆಯುವುದು. ಅದು ಇಲ್ಲಿ ಹುಟ್ಟಿದ್ದಲ್ಲ, ಇಂಗ್ಲೆಂಡಿನ ಸಫೋಕ್ ಸೀಮೆಯ ಒಂದು ಹಳ್ಳಿಯದು. ಬಾಗಿಲ ಕಮಾನು ಎಂಟುನೂರು ವರ್ಷದ್ದು, ಗೋಪುರ ಅದರ ನಂತರದ್ದು, ಕಿಟಕಿಗಳು ಇನ್ನೂ ಈಚಿನವು. ಒಂದೇ ಮನೆಗೆ ಅಜ್ಜ ಪಡಸಾಲೆ, ಅಪ್ಪ ಅಟ್ಟ, ಮಗ ಬಚ್ಚಲು ಕಟ್ಟಿಸಿದ ಹಾಗೆ. ಆ ಹಳ್ಳಿ ಬರಿದಾಗಿ ಚಾವಣಿ ಕುಸಿಯುತ್ತಿದ್ದಾಗ, ಕಾರಿನ ಸೀಟು ಮಾಡಿ ಶ್ರೀಮಂತನಾದ ಡೆಟ್ರಾಯಿಟಿನ ಸಾಹುಕಾರನೊಬ್ಬ ಕಲ್ಲಿಗೆ ಕಲ್ಲು ನಂಬರು ಬರೆಸಿ, ಹಡಗು ಹತ್ತಿಸಿ, ಇಲ್ಲಿಯ ಕೆರೆಯ ದಂಡೆಗೆ ತಂದು ಮತ್ತೆ ಕಟ್ಟಿಸಿದ. ಅದಾಗಿ ನೂರು ವರ್ಷವಾಯಿತು.

ಈಗ ಪ್ರಾರ್ಥನೆಗೆ ಬರುವವರಿಲ್ಲ. ಚರ್ಚಿನವರು ಮಾರುತ್ತಿದ್ದಾರೆ, ಕನ್ನಡ ಸಂಘ ಕೊಳ್ಳುತ್ತಿದೆ. ವಿಜಯದಶಮಿಗೆ ಗೃಹಪ್ರವೇಶ ಅಂತ ಎಲ್ಲರ ವಾಟ್ಸಾಪಿಗೂ ಆಮಂತ್ರಣ ಹೋಗಿಯಾಗಿತ್ತು. ಗಾಜಿನ ತಕರಾರು ಮುಗಿಯದೆ ಕಟ್ಟಡ ಒಪ್ಪಿಸುವುದಿಲ್ಲ ಎಂದು ಚರ್ಚಿನವರು ಪಟ್ಟು ಹಿಡಿದಿದ್ದರು. ಹಾಗಾಗಿ ಯಾರಾದರೂ ಒಬ್ಬರು ತಪ್ಪು ಒಪ್ಪಿಕೊಳ್ಳಬೇಕಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ! ಬರೆಗೆ ಸಿಕ್ಕಿದವಳು ಜಾನ್ವಿ.

ಸೌತ್‌ಫೀಲ್ಡಿನಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದ ಜಾನ್ವಿ ಬೇಸಿಗೆಯಿಡೀ ಈ ಚರ್ಚಿನ ಒಂದೊಂದು ಕಲ್ಲನ್ನೂ ಅಳೆದು ಚಿತ್ರ ಬರೆದವಳು. ಅದಕ್ಕೇ ಅಧ್ಯಕ್ಷರ ಹಾಗೆ ಅವಳ ಹತ್ತಿರವೂ ಒಂದು ಕೀಲಿ ಇತ್ತು. ಆ ಚಿತ್ರಗಳನ್ನು ನೋಡಿ ಇಂಗ್ಲೆಂಡಿನವರು, ಹಳೆಯ ಚರ್ಚುಗಳ ಜೀರ್ಣೋದ್ಧಾರ ಕಲಿಯಲು ಬಾ ಎಂದು ಕರೆದಿದ್ದರು. ಜನವರಿಗೆ ಹೊರಡಬೇಕು. ಹಳೆಯ ಗಾಜು ಒಡೆದು ಚೂರು ಎಸೆದವಳು ಅಂತ ಒಮ್ಮೆ ದಾಖಲಾದರೆ, ಅವಳನ್ನು ಯಾವ ಚರ್ಚಿನ ಹೊಸ್ತಿಲಿಗೂ ಯಾರೂ ಬಿಟ್ಟುಕೊಳ್ಳುವುದಿಲ್ಲ. ಇದು ವಿಜಯ್ ಕುಮಾರರಿಗೂ ಗೊತ್ತಿತ್ತು, ಇಡ್ಲಿ ತಿನ್ನುತ್ತಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು.

"ಹೇಳಿಬಿಡೇ," ಅಂದಳು ಪಕ್ಕದಲ್ಲಿದ್ದ ಸುಚೇತಾ. ಜಾನ್ವಿಯ ತಾಯಿ. ಸಮಿತಿಯ ಊಟ ತಿಂಡಿಯ ಉಸ್ತುವಾರಿ ಅವಳದೇ. ಗಂಡ ಬೇರೆ ರಾಜ್ಯದ ಡೆಸ್ ಪ್ಲೇನ್ಸ್‌ನಲ್ಲಿ ಏರ್‌ಪೋರ್ಟ್ ಕಡೆಯ ಕೆಲಸದಲ್ಲಿದ್ದು ವಾರಕ್ಕೊಮ್ಮೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಇರುವುದು ತಾಯಿ ಮಗಳು ಇಬ್ಬರೇ. "ಒಂದು ಸಾರಿ ಅಂದ್ರೆ ನಿನ್ನ ಗಂಟೇನು ಹೋಗತ್ತೆ? ಎಲ್ರೂ ಕಾಯ್ತಿದಾರೆ."

"ಅಮ್ಮಾ! ಯೂ ನೋ ಐ ಡಿಡಂಟ್."

"ನಂಗೇನೂ ಗೊತ್ತಿಲ್ಲ. ಇಂಗ್ಲೆಂಡಿಗೆ ಹೋಗಿ ಕಲ್ಲು ಕುಟ್ಟದಿದ್ರೆ ಪ್ರಪಂಚ ಮುಳುಗಲ್ಲ." ಸುಚೇತಾ ಚಟ್ನಿ ಡಬ್ಬಿಗೆ ಹಾಕಿದ್ದ ರಬ್ಬರ್ ಬ್ಯಾಂಡು ಬಿಚ್ಚಿ, ಬಳೆಯ ಜೊತೆಗೆ ಮಣಿಕಟ್ಟಿಗೆ ಏರಿಸಿಕೊಂಡು, ಇನ್ನೊಬ್ಬರ ತಟ್ಟೆಗೆ ಚಟ್ನಿ ಬಡಿಸಲು ಹೋದಳು.

ತಾಯಿಯಾದವಳು ಆಡುವ ಮಾತೇ ಇದು! ನೀಲಾಂಬಿಕಾ ಬಾಯಿಗೆ ಎತ್ತಿದ್ದ ಇಡ್ಲಿಯನ್ನು ಪ್ಲೇಟಿಗೇ ಹಾಕಿದಳು.

"ಪಾಪ, ಅಕಿನ್ನ ಯಾಕ ಹಿಂಡಾಕತ್ತೀರಿ?" ಅಂದವರು ಹಿಂದಿನ ಸಾಲಿನ ಡಾಕ್ಟರ್ ಸಂಗನಬಸಪ್ಪ. ವಿಜಯಪುರದ ಕಡೆಯವರು, ರಿಟೈರಾದ ಹಲ್ಲಿನ ಡಾಕ್ಟರು. ಹೋದ ಗಾಜಿನ ಮೇಲೆ ಅವರಿಗೆ ಎಲ್ಲರಿಗಿಂತ ಹೆಚ್ಚು ಮೋಹ. ಯಾಕೆಂದರೆ ಅದರಲ್ಲಿ ಇದ್ದದ್ದು ಸಂತಳೊಬ್ಬಳ ಚಿತ್ರ. ಹಳದಿ ಕೂದಲು, ಕೈಯಲ್ಲಿ ಇಕ್ಕಳ, ಇಕ್ಕಳದ ತುದಿಯಲ್ಲಿ ಕಿತ್ತ ಹಲ್ಲು. ಹಲ್ಲುನೋವಿನವರು ಹರಕೆ ಹೊರುತ್ತಿದ್ದ ಸಂತಳಂತೆ. "ನಮ್ಮ ವೃತ್ತಿಯ ಕುಲದೇವತಿ ಹೋಗ್ಯಾಳ. ಸಂಕಟ ನನಗ ಆಗಬೇಕು, ನಿಮಗಲ್ಲ."

ಯಾರೂ ನಗಲಿಲ್ಲ. ನೀಲಾಂಬಿಕಾ ಪ್ಲೇಟು ಕೆಳಗಿಟ್ಟಳು.

"ವಿಜಯ್ ಕುಮಾರ್ ಅವರ, ಗುರುವಾರ ಮುಂಜಾನೆ ನೀವು ಕಂಡದ್ದು ಇನ್ನೊಮ್ಮೆ ಹೇಳ್ರಿ. ನನ್ನ ತಲಿ ಸ್ವಲ್ಪ ದಪ್ಪ."

"ಎಷ್ಟು ಸಲ ಬೇಕಾದ್ರೂ ಹೇಳ್ತೀನಿ ಮೇಡಂ. ಸ್ಟೇಜಿನ ಅಳತೆ ತಗೊಳ್ಳೋಣ ಅಂತ ಬೆಳ್‌ಬೆಳಗ್ಗೆ ಬಂದೆ. ಗೋಪುರದ ಕೆಳಗಿನ ದೊಡ್ಡ ಬಾಗಿಲು ತೆಗೆದೆ. ಆಹಾ, ಏನು ಹೇಳ್ಲಿ! ನನ್ನ ಬೆನ್ನ ಹಿಂದಿಂದ ಬಿಸಿಲು ಒಳಗೆ ನುಗ್ಗಿ ಸೀದಾ ಬಲಿಪೀಠದ ಮೇಲೆ ಬಿತ್ತು. ನನ್ನ ನೆರಳು ಉದ್ದಕ್ಕೆ ನನ್ನ ಮುಂದೇನೇ ಮಲಗಿತ್ತು. ಗೊತ್ತಿಲ್ಲದೇ ಕೈ ಮುಗಿದುಬಿಟ್ಟೆ. ಆ ಬೆಳಕಲ್ಲೇ ಕಂಡಿದ್ದು. ಕಿಟಕೀಲಿ ಗಾಜಿಲ್ಲ, ಏಣಿ ಹತ್ರ ಈ ಹುಡುಗಿ ಬ್ಯಾಗಿಗೆ ಏನೋ ತುರುಕ್ತಾ ನಿಂತಿದಾಳೆ."

ಮೇಜಿನ ಸುತ್ತ ತಲೆಗಳು ತೂಗಿದವು. "ನೋಡಿ, ಗರ್ಭಗುಡಿ ಮೇಲೆ ಸೂರ್ಯಕಿರಣ! ಶುಭಶಕುನ," ಅಂದರು ಯಾರೋ. ಎರಡು ದಿನದ ಹಿಂದೆ ಫೋನಿನಲ್ಲಿ ಈ ಹೇಳಿಕೆ ಕೇಳಿದಾಗ ನೀಲಾಂಬಿಕಾ ಕೂಡ ಹೀಗೆಯೇ ತಲೆ ತೂಗಿದ್ದಳು. ಕಣ್ಣಾರೆ ಕಂಡವನು ಮಾತ್ರ ಹೇಳಬಹುದಾದ ಮಾತು, ಕಟ್ಟುಕಥೆಯಲ್ಲಿ ಇಷ್ಟು ಬೆಳಕು ಇರುವುದಿಲ್ಲ ಅಂತ ಆವತ್ತು ಅನ್ನಿಸಿತ್ತು.

"ನಾನೊಮ್ಮೆ ಒಳಗ ಹೋಗಿ ಬರ್ತೀನಿ," ಎಂದು ಎದ್ದಳು. "ಜಾನ್ವಿ, ನೀನೂ ಬಾರವ್ವ."

"ಎಂಟೂವರೆಗೆ ಮೀಟಿಂಗ್ ಮುಗಿಸ್ಬೇಕು ಮೇಡಂ, ಮಧ್ಯಾಹ್ನ ನವರಾತ್ರಿ ಕಾರ್ಯಕ್ರಮ ಇದೆ," ಎಂದು ವಿಜಯ್ ಕುಮಾರ್ ಬೆನ್ನ ಹಿಂದೆ ಕೂಗಿದರು.

ನೀಲಾಂಬಿಕಾ ಕೇಳಿಸಿಕೊಳ್ಳದವಳ ಹಾಗೆ ನಡೆದಳು.

* * *

ಹಾಲಿನಿಂದ ಚರ್ಚಿಗೆ ಪಕ್ಕದ ಗೋಡೆಯಲ್ಲೊಂದು ಚಿಕ್ಕ ಬಾಗಿಲಿದೆ. ಅಲ್ಲಿಂದ ಒಳಗೆ ಕಾಲಿಟ್ಟು ಬಲಿಪೀಠದ ಕಡೆ ತಿರುಗಿದ್ದೇ ತಡ, ನೀಲಾಂಬಿಕಾ ಕಣ್ಣಿಗೆ ಕೈ ಅಡ್ಡ ಹಿಡಿದಳು. ಸೆಪ್ಟೆಂಬರ್ ಕೊನೆಯ ಬಿಸಿಲು ದೊಡ್ಡ ಕಿಟಕಿಯಿಂದ ನೇರ ಮುಖಕ್ಕೇ ಹೊಡೆಯುತ್ತಿತ್ತು. ಕಳುವಾದ ಗಾಜಿದ್ದ ಕಡೆ ಪ್ಲೈವುಡ್ ಹೊಡೆದಿದ್ದರು. ಉಳಿದ ಬಣ್ಣವಿಲ್ಲದ ಗಾಜುಗಳಿಗೆ ಬಿಸಿಲನ್ನು ತಡೆಯುವ ಶಕ್ತಿ ಇರಲಿಲ್ಲ.

ಮೊದಲು ಕಿಟಕಿಯ ಕೆಲಸ. ಅಡ್ಡಕ್ಕೆ ಕಬ್ಬಿಣದ ಸರಳು, ಸರಳಿಗೆ ತಾಮ್ರದ ತಂತಿಯಿಂದ ಗಾಜಿನ ಚೌಕಟ್ಟನ್ನು ಕಟ್ಟುವುದು ಇಲ್ಲಿಯ ಪದ್ಧತಿ. ಪೊಲೀಸರು ಬಂದು ಹೋದವರು ಮೇಲೆ ನೋಡಿದ್ದರು, ಕೆಳಗೆ ನೋಡಿದ್ದರು. ಕಿಟಕಿಯ ಕಲ್ಲಿನ ಅಂಚಿನ ಮೂಲೆಗೆ ಯಾರೂ ಕೈ ಹಾಕಿರಲಿಲ್ಲ. ನೀಲಾಂಬಿಕಾ ಏಣಿ ಹತ್ತಿ ಕೈ ಹಾಕಿದಳು. ಬೆರಳಿಗೆ ಒಂದು ಪುಟ್ಟ ಕಟ್ಟು ಸಿಕ್ಕಿತು.

ತಾಮ್ರದ ತಂತಿಗಳು. ಒಂದನ್ನೂ ಕತ್ತರಿಸಿರಲಿಲ್ಲ. ತಾಳ್ಮೆಯಿಂದ ತಿರುಚು ಬಿಡಿಸಿ, ನೇರ ಮಾಡಿ, ಒಟ್ಟು ಸೇರಿಸಿ ರಬ್ಬರ್ ಬ್ಯಾಂಡು ಹಾಕಿಟ್ಟಿದ್ದರು. ಅಗಲವಾದ, ನೀಲಿ ಬಣ್ಣದ, ಬ್ರಾಕೊಲಿ ಕಟ್ಟಿಗೆ ಹಾಕಿ ಬರುವ ರಬ್ಬರ್ ಬ್ಯಾಂಡು.

ಕಳ್ಳತನಕ್ಕೆ ಬಂದವನು ಉಳಿದ ತಂತಿಯನ್ನು ಮುಂದೆ ಬೇಕಾದೀತು ಅಂತ ಜೋಡಿಸಿಡುತ್ತಾನೆಯೇ? ಅಮೆರಿಕದವರು ಆ ಬ್ಯಾಂಡನ್ನು ಅಡುಗೆಮನೆಯಲ್ಲೇ ಕಸಕ್ಕೆ ಎಸೆಯುತ್ತಾರೆ. ಎಸೆಯದೆ ಡ್ರಾಯರಿನಲ್ಲಿ, ನಲ್ಲಿಯ ಕತ್ತಿಗೆ, ಬಾಗಿಲ ಹಿಡಿಗೆ ಕೂಡಿಡುವವರು ನಾವು. ನೀಲಾಂಬಿಕಾಳ ಮನೆಯಲ್ಲೇ ಒಂದು ಡಬ್ಬಿ ತುಂಬ ಇವೆ. ಇದು ನಮ್ಮವರ ಕೈ ಅಂತ ಅವಳ ಮನಸ್ಸು ಹೇಳಿತು. ಕಟ್ಟನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಜೇಬಿಗಿಟ್ಟಳು, ಯಾರಿಗೂ ಹೇಳಬಾರದು ಎಂದುಕೊಂಡಳು.

"ನಿನ್ನ ಕೀಲಿ ರಾತ್ರಿ ಎಲ್ಲಿರ್ತೈತಿ?"

"ಕಿಚನ್. ಫ್ರಿಜ್ ಪಕ್ಕ ಹುಕ್," ಅಂದಳು ಜಾನ್ವಿ. ಬಿಸಿಲಿಗೆ ಬೆನ್ನು ಮಾಡಿ ನಿಂತಿದ್ದಳು, ಈ ಜಾಗದ ರೂಢಿ ಇದ್ದವಳ ಹಾಗೆ.

ನೀಲಾಂಬಿಕಾ ಏಣಿ ಇಳಿದು ಮತ್ತೆ ಕಣ್ಣು ಕಿರಿದು ಮಾಡಿದಳು. "ಏನವ್ವ ಇದು, ದಿನಾ ಮುಂಜಾನೆ ಹಿಂಗ ಹೊಡಿತೈತೇನು ಬಿಸಲು?"

"ಎವ್ರಿ ಮಾರ್ನಿಂಗ್. ದ ಆಲ್ಟರ್ ಈಸ್ ಆಲ್ವೇಸ್ ಈಸ್ಟ್, ಆಂಟಿ. ಆಲ್ ದೀಸ್ ಓಲ್ಡ್ ಚರ್ಚಸ್."

ನೀಲಾಂಬಿಕಾ ನಿಂತಲ್ಲೇ ನಿಂತಳು.

ನಿಧಾನಕ್ಕೆ ಹಿಂದೆ ತಿರುಗಿದಳು. ಅಷ್ಟು ದೂರದಲ್ಲಿ, ಗೋಪುರದ ಕೆಳಗೆ, ದೊಡ್ಡ ಬಾಗಿಲು ಕತ್ತಲಲ್ಲಿ ಮುಚ್ಚಿಕೊಂಡಿತ್ತು. ಅದರ ಸಂದಿಯಲ್ಲಿ ಬೆಳಕಿನ ಒಂದು ಎಳೆಯೂ ಇರಲಿಲ್ಲ. ಬಲಿಪೀಠ ಮೂಡಣಕ್ಕಾದರೆ ಆ ಬಾಗಿಲು ಪಡುವಣಕ್ಕೆ. ಬೆಳಗಿನ ಹೊತ್ತು ಪಡುವಣದ ಬಾಗಿಲು ತೆಗೆದು ನಿಂತವನ ಬೆನ್ನಿಗೆ ಬಿಸಿಲು ಎಲ್ಲಿಂದ ಬೀಳಬೇಕು?

ಅಯ್ಯೋ ನನ್ನ ತಲೆಗೆ ಮಣ್ಣು ಹಾಕ ಅಂದುಕೊಂಡಳು. ಲಕ್ಕುಂಡಿಯ ಗುಡಿಗಳ ಕಟ್ಟೆಯ ಮೇಲೆ ಆಡಿ ಬೆಳೆದ ಹೆಂಗಸು ಅವಳು. ಗುಡಿ ಅಂದರೆ ಬಾಗಿಲು ಮೂಡಣಕ್ಕೆ, ದೇವರ ಮುಖ ಮೂಡಣಕ್ಕೆ. ಬೆಳಗಿನ ಸೂರ್ಯ ಹೊಸ್ತಿಲು ದಾಟಿ ಬಂದು ಪಾದ ಮುಟ್ಟಬೇಕು, ಅದನ್ನು ಕಂಡು ಭಕ್ತ ಕೈ ಮುಗಿಯಬೇಕು. ಹಾಲಿನಲ್ಲಿ ತಲೆ ತೂಗಿದ ಅಷ್ಟೂ ಜನರ ಮನಸ್ಸಿನಲ್ಲಿ ಇದ್ದದ್ದು ಆ ಗುಡಿ. ಈ ಚರ್ಚು ಕಟ್ಟಿದವರ ಲೆಕ್ಕ ತಿರುವುಮುರುವು. ಇಲ್ಲಿ ಸೂರ್ಯ ದೇವರ ಬೆನ್ನ ಹಿಂದಿನಿಂದ ಬರುತ್ತಾನೆ. ಭಕ್ತ ಕತ್ತಲ ಕಡೆಯಿಂದ ಒಳಗೆ ಬಂದು ಬೆಳಕಿಗೆ ಮುಖ ಮಾಡುತ್ತಾನೆ.

"ತಡಿ ತಡಿ," ಅಂದಳು. "ಅದು ಇಂಗ್ಲೆಂಡಿನ ಮಾತಾತು. ಇಲ್ಲೆ ತಂದು ಕಟ್ಟುವಾಗ ಆ ಸಾಹುಕಾರ ತನಗ ಬೇಕಾದಂಗ ತಿರುಗಿಸಿ ನಿಲ್ಲಿಸಿದ್ರ?"

ಜಾನ್ವಿಯ ಮುಖದಲ್ಲಿ ಆ ಬೆಳಗ್ಗೆ ಮೊದಲ ಸಲ ನಗು ಮೂಡಿತು. "ಕಮ್. ಐ ವಿಲ್ ಶೋ ಯೂ."

ಎದುರು ಗೋಡೆಯ ಇನ್ನೊಂದು ಬಾಗಿಲಿನಿಂದ ಹೊರಗೆ ಕರೆದುಕೊಂಡು ಹೋದಳು. ಬಾಗಿಲ ಪಕ್ಕದ ಕಲ್ಲಿನಲ್ಲಿ, ಎದೆಯ ಎತ್ತರಕ್ಕೆ, ಬೆರಳು ಹಿಡಿಯುವಷ್ಟು ಒಂದು ತೂತು. ತೂತಿನ ಕೆಳಗೆ ಬೀಸಣಿಗೆಯ ಕಡ್ಡಿಗಳ ಹಾಗೆ ಹರಡಿದ ಗೀಟುಗಳು. ಗಡಿಯಾರ ಇಲ್ಲದ ಕಾಲದಲ್ಲಿ ಪಾದ್ರಿ ಆ ತೂತಿಗೆ ಕಡ್ಡಿ ಸಿಕ್ಕಿಸಿ, ನೆರಳು ಯಾವ ಗೀಟಿಗೆ ಬಂದರೆ ಪ್ರಾರ್ಥನೆಯ ಗಂಟೆ ಹೊಡೆಯಬೇಕು ಅಂತ ನೋಡುತ್ತಿದ್ದನಂತೆ. ಇಂಥದ್ದನ್ನು ಬಿಸಿಲು ಬೀಳುವ ದಕ್ಷಿಣದ ಗೋಡೆಗಲ್ಲದೆ ಬೇರೆ ಕಡೆ ಕೊರೆಯುವುದಿಲ್ಲ.

ಜಾನ್ವಿ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ತೂತಿಗೆ ಸಿಕ್ಕಿಸಿದಳು. ತೆಳ್ಳಗಿನ ಉದ್ದ ನೆರಳು ಎಡಕ್ಕೆ, ಕೆರೆಯ ಕಡೆಗೆ, ಚಾಚಿಕೊಂಡಿತು.

"ಟೈಮ್ ಇಲ್ಲಿ ತಪ್ಪು ತೋರಿಸತ್ತೆ," ಎಂದಳು ಅರ್ಧ ಕನ್ನಡದಲ್ಲಿ. "ಮಿಷಿಗನ್ ಸನ್ ಈಸ್ ಡಿಫರೆಂಟ್. ಬಟ್ ಡೈರೆಕ್ಷನ್ ಈಸ್ ಪರ್ಫೆಕ್ಟ್. ಹೀ ಡಿಡಂಟ್ ಟರ್ನ್ ಎನಿಥಿಂಗ್. ಈವನ್ ದ ಕ್ರುಕೆಡ್ ಪಾರ್ಟ್." ಬಲಿಪೀಠವಿರುವ ಭಾಗ ಉಳಿದ ಕಟ್ಟಡಕ್ಕೆ ತುಸು ವಾರೆಯಾಗಿದೆ, ಶಿಲುಬೆಯ ಮೇಲೆ ಯೇಸು ತಲೆ ವಾಲಿಸಿದ ಗುರುತು ಅಂತ ಹಳ್ಳಿಯವರು ನಂಬಿದ್ದರು. ಆ ವಾರೆಯನ್ನೂ ಸಾಹುಕಾರ ಹಾಗೆಯೇ ಕಟ್ಟಿಸಿದ್ದ.

ನೀಲಾಂಬಿಕಾ ಫೋನಿನ ದಿಕ್ಸೂಚಿ ತೆಗೆದು ನೋಡಿದಳು. ಅದೂ ಅದನ್ನೇ ಹೇಳಿತು. ಕೆರೆ ಪಡುವಣಕ್ಕೆ. ಗೋಪುರದ ಬಾಗಿಲು ಕೆರೆಯ ಕಡೆಗೆ.

ಹಾಗಾದರೆ ವಿಜಯ್ ಕುಮಾರ್ ಪೂರ್ತಿ ಸುಳ್ಳು ಹೇಳಿರಲಿಲ್ಲ. ಆ ಬಿಸಿಲು ನಿಜ, ಆ ನೆರಳು ನಿಜ, ಮುಗಿದ ಕೈಯೂ ನಿಜ. ಹೊತ್ತು ಮಾತ್ರ ಬೇರೆ. ಸಂಜೆ ಕಂಡದ್ದನ್ನು ಬೆಳಗ್ಗೆಗೆ ತಂದು ಅಂಟಿಸುವಾಗ ಅವರಿಗೆ ಅದು ಒಂದಿಷ್ಟೂ ಅಡ್ಡ ಬರಲಿಲ್ಲ. ದೇವರ ಮೇಲೆ ಬಿಸಿಲು ಬೀಳುವುದು ಬೆಳಗ್ಗೆಯೇ ಅಲ್ಲವೇ!

* * *

"ಎಲ್ರೂ ಎದ್ದು ಬರ್ರಿ. ಕೈ ಆಮ್ಯಾಲ ತೊಳಕೊಳ್ರಿ," ಅಂದಳು ಹಾಲಿಗೆ ಬಂದು.

"ಯಾಕೆ ಮೇಡಂ, ಇನ್ನೇನಿದೆ ನೋಡೋಕೆ?" ವಿಜಯ್ ಕುಮಾರರ ಬೆಣ್ಣೆ ಸ್ವಲ್ಪ ಕರಗಿತ್ತು. "ನೇರವಾಗಿ ಹೇಳ್ತೀನಿ. ನೀವೂ ಕನ್ನಡದೋರು, ಸಂಘದ ಮೆಂಬರು. ಇದು ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್ ಆಗತ್ತೆ. ನಿಮ್ಮ ಆಫೀಸಿಗೆ ಒಂದು ಇ-ಮೇಲ್ ಹಾಕಿದ್ರೆ ಸಾಕು."

"ಹಾಕ್ರಿ. ನಾ ಮೆಂಬರ್ ಅಲ್ರೀ, ಒಂದು ಯುಗಾದಿಗೆ ಬಂದು ಚಿತ್ರಾನ್ನ ತಿಂದು ಹೋದಾಕಿ. ಅದನ್ನೂ ಬರೀರಿ."

"ನಮ್ಮೋರ ಮಾನದ ಪ್ರಶ್ನೆ ಇದು. ಈ ಊರಲ್ಲಿ ನಾಳೆ ನಾವು ತಲೆ ಎತ್ತಿ ಓಡಾಡ್ಬೇಕು."

"ಆ ಮಾನ ಈ ಹುಡುಗಿ ತಲಿ ಮ್ಯಾಲೆ ನಿಂತೈತೇನ್ರಿ? ಹಂಗಿದ್ರ ಅದು ಹೋಗಲಿ." ನೀಲಾಂಬಿಕಾಳ ದನಿ ಏರಲಿಲ್ಲ. "ನಾ ಬರೆಯೂದು ನಿಜ ಇದ್ದದ್ದನ್ನ ಅಷ್ಟ. ನೀವು ಬರ್ರಿ ಬಿಡ್ರಿ, ನಾ ಅಂತೂ ಗೋಪುರದ ಬಾಗಿಲಾ ತಗಸಾಕಿ."

ಸಂಗನಬಸಪ್ಪನವರು ಎಲ್ಲರಿಗಿಂತ ಮೊದಲು ಕೋಲು ಊರಿ ಎದ್ದರು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಿಂದೆ ಬಂದರು. ಸುಚೇತಾ ಕೊನೆಯಲ್ಲಿ, ಕೈಯಲ್ಲಿ ಕಾಫಿ ಫ್ಲಾಸ್ಕು ಹಿಡಿದುಕೊಂಡೇ ಬಂದಳು.

ಸುತ್ತಿ ಬಂದು ಗೋಪುರದ ಮುಂದೆ ನಿಂತರು. ಅಲ್ಲಿ ನೆರಳು. ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿರಲಿಲ್ಲ, ಕೆರೆಯ ಗಾಳಿಗೆ ಸೀರೆ ಉಟ್ಟು ಬಂದಿದ್ದವರು ಸೆರಗು ಹೊದ್ದುಕೊಂಡರು. ಕಾರಿನ ಥರ್ಮಾಮೀಟರು ಐವತ್ತು ಡಿಗ್ರಿ ಫ್ಯಾರನ್‌ಹೀಟ್ ತೋರಿಸಿದ್ದ ಚಳಿಯ ಬೆಳಗು ಅದು.

"ಗುರುವಾರ ಮುಂಜಾನೆ ಹೆಂಗ ತಗದ್ರಿ, ಹಂಗ ತಗೀರಿ," ಅಂದಳು ನೀಲಾಂಬಿಕಾ. "ನಿಂತಂಗ ನಿಂದ್ರಿ."

ವಿಜಯ್ ಕುಮಾರ್ ತಾಳ್ಮೆಗೆಟ್ಟ ನಿಟ್ಟುಸಿರು ಬಿಟ್ಟು, ಕೀಲಿ ತಿರುಗಿಸಿ, 'ಇಕೋ' ಅನ್ನುವ ಹಾಗೆ ಎರಡೂ ಬಾಗಿಲು ನೂಕಿದರು.

ಬಿಸಿಲು ಎದುರಿನಿಂದ ಬಂದು ಅವರ ಮುಖಕ್ಕೆ ಬಡಿಯಿತು. ಅವರ ಕೈ ತಾನೇ ಎದ್ದು ಕಣ್ಣಿಗೆ ಅಡ್ಡವಾಯಿತು. ಅವರ ಹಿಂದೆ ನಿಂತಿದ್ದ ಸಮಿತಿಯ ಅಷ್ಟೂ ಕೈಗಳು ಒಂದಾದ ಮೇಲೊಂದು ಮೇಲೆದ್ದವು. ಅವರೆಲ್ಲರ ನೆರಳುಗಳು ಹಿಂದಕ್ಕೆ, ಕೆರೆಯ ಕಡೆಗೆ, ಇಬ್ಬನಿಯ ಮೇಲೆ ಬಿದ್ದವು.

ಒಂದು ಕ್ಷಣ ಯಾರಿಗೂ ಏನಾಯಿತೆಂದು ತಿಳಿಯಲಿಲ್ಲ. ಆಮೇಲೆ ಸಂಗನಬಸಪ್ಪನವರು ಹೊಟ್ಟೆ ಅಲುಗಿಸಿ ನಗತೊಡಗಿದರು.

"ಏ ವಿಜಯ್ ಕುಮಾರಾ! ಸೂರ್ಯಪ್ಪ ಎದುರಿಗೆ ಅದಾನಲ್ಲೋ! ನಿನ್ನ ಬೆನ್ನಿಗೆ ಯಾವ ಸೂರ್ಯ ಬಂದಿದ್ದ?"

"ಸಂಜಿ ಸೂರ್ಯ," ಅಂದಳು ನೀಲಾಂಬಿಕಾ. "ಈ ಬಾಗಿಲಾ ಪಡುವಣಕ್ಕೈತಿ. ಬೆನ್ನಿಗೆ ಬಿಸಲು ಬಿದ್ದು, ನೆರಳು ಮುಂದ ಚಾಚಿ, ಪೀಠದ ಮ್ಯಾಲೆ ಬೆಳಕು ಬೀಳೂದು ಹೊತ್ತು ಮುಳುಗುವಾಗ ಅಷ್ಟ. ನೀವು ಇಲ್ಲೆ ಬಂದಿದ್ದು ಬುಧವಾರ ಸಂಜಿಗೆ. ಆಗ ಈ ಹುಡುಗಿ ಕಾಲೇಜಿನ ಸ್ಟುಡಿಯೋದಾಗಿದ್ಲು, ಪ್ರೊಫೆಸರ್ ಜೊತಿಗೆ. ನಾ ಕೇಳಿ ಖಾತ್ರಿ ಮಾಡ್ಕೊಂಡೇನಿ. ಅಕಿ ಗುರುವಾರ ಮುಂಜಾನೆ ಬಂದು, ಗಾಜು ಇಲ್ಲದ್ದು ನೋಡಿ, ತಾನ ಚರ್ಚಿನವರಿಗೆ ಫೋನ್ ಮಾಡ್ಯಾಳ."

"ಬೆಳಗ್ಗೇನೋ, ಸಂಜೇನೋ... ಮರೆತಿರಬಹುದು. ವಯಸ್ಸಾಯ್ತು."

"ಬಿಸಲು ಮರ್ತಿಲ್ಲ, ನೆರಳು ಮರ್ತಿಲ್ಲ, ಕೈ ಮುಗಿದದ್ದು ಮರ್ತಿಲ್ಲ. ಮುಂಜಾನಿ ಯಾವುದು ಸಂಜಿ ಯಾವುದು ಅನ್ನೂದು ಮಾತ್ರ ಮರ್ತೀರಿ?"

ಸಮಿತಿಯವರು ಈಗ ಅಧ್ಯಕ್ಷರಿಂದ ಒಂದೊಂದೇ ಹೆಜ್ಜೆ ದೂರ ಸರಿಯುತ್ತಿದ್ದರು. ಹತ್ತು ನಿಮಿಷದ ಹಿಂದೆ ಶುಭಶಕುನ ಅಂದಿದ್ದ ಮನುಷ್ಯ ಈಗ ಎಲ್ಲರಿಗಿಂತ ದೂರದಲ್ಲಿದ್ದ. ವಿಜಯ್ ಕುಮಾರ್ ಅದನ್ನು ಕಂಡರು. ಮುಖ ಕೆಂಪಗಾಯಿತು.

"ನೋಡಿ, ಗಾಜು ನಾನು ಮುಟ್ಟಿಲ್ಲ! ದೇವರಾಣೆ ಮುಟ್ಟಿಲ್ಲ."

"ಮುಟ್ಟಿದ್ರಿ ಅಂತ ನಾ ಅಂದೇ ಇಲ್ಲ. ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಯಾಕ ಮುಟ್ಕೋತೀರಿ? ಏಣಿ ಹತ್ರ ಒಬ್ರು ನಿಂತಿದ್ದು ಖರೇ. ಯಾರು?"

ವಿಜಯ್ ಕುಮಾರ್ ಬಾಗಿಲನ್ನು ಮತ್ತೆ ಎಳೆದುಕೊಳ್ಳಲು ಕೈ ಚಾಚಿದರು.

ಜಾನ್ವಿ ಮುಂದೆ ಬಂದು ಹೊಸ್ತಿಲ ಮೇಲೆ ನಿಂತಳು. ಬೆನ್ನ ಹಿಂದಿನ ಬೆಳಕಿನಲ್ಲಿ ಅವಳ ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳಿಸಿತು. "ಹೂ ವಾಸ್ ಇಟ್, ಅಂಕಲ್? ಯೂ ಸೆಡ್ ಮೈ ನೇಮ್ ಟು ಎವ್ರಿಬಡಿ. ಸೇ ದಟ್ ನೇಮ್ ಟೂ."

"ಬೇಡ ಪುಟ್ಟ. ಬಿಟ್ಬಿಡು."

"ನೋ."

ಅದೇ ನೋ. ಆದರೆ ಈ ಸಲ ಅದನ್ನು ಕೇಳಿ ನೀಲಾಂಬಿಕಾಗೆ ಖುಷಿಯಾಗಲಿಲ್ಲ. ಯಾಕೆಂದರೆ ಆ ಗಳಿಗೆಯಲ್ಲಿ ಅವಳ ಕಣ್ಣು ಗುಂಪಿನ ಕೊನೆಗೆ ಹೋಗಿತ್ತು. ಬಿಸಿಲು ತಲುಪದ ಗೋಡೆಯ ಮರೆಯಲ್ಲಿ ಸುಚೇತಾ ನಿಂತಿದ್ದಳು. ಎಲ್ಲರೂ ಕೈ ಇಳಿಸಿಯಾಗಿತ್ತು. ನೆರಳಿನಲ್ಲಿ ನಿಂತ ಅವಳ ಕೈ ಮಾತ್ರ ಇನ್ನೂ ಕಣ್ಣಿನ ಮೇಲೇ ಇತ್ತು. ಸೆರಗು ಜಾರಿದ ಮಣಿಕಟ್ಟಿನಲ್ಲಿ, ಎರಡು ಬಳೆಗಳ ನಡುವೆ, ಅಗಲವಾದ ನೀಲಿ ರಬ್ಬರ್ ಬ್ಯಾಂಡು.

ಅದು ಎಲ್ಲರ ಮನೆಯಲ್ಲೂ ಇರುತ್ತದೆ, ನನ್ನ ಮನೆಯಲ್ಲೂ ಇದೆ ಅಂತ ನೀಲಾಂಬಿಕಾ ತನಗೆ ತಾನೇ ಹೇಳಿಕೊಂಡಳು. ಫ್ರಿಜ್ಜಿನ ಪಕ್ಕದ ಹುಕ್ಕು ನೆನಪಾಯಿತು. ಇಲ್ಲಿಗೇ ನಿಲ್ಲಿಸಿಬಿಡಲೇ ಅಂತ ಮೊಟ್ಟಮೊದಲ ಬಾರಿಗೆ ಅನ್ನಿಸಿತು. ಹುಡುಗಿಯ ಹೆಸರು ಶುದ್ಧವಾಯಿತಲ್ಲ, ಅಷ್ಟು ಸಾಲದೇ?

ತಡವಾಗಿತ್ತು.

"ಹೇಳಿಸ್ತಿದೀರಿ ನನ್ ಕೈಲಿ," ಅಂದರು ವಿಜಯ್ ಕುಮಾರ್. ದನಿಯಲ್ಲಿ ಬೆಣ್ಣೆ ಒಂದು ಚೂರೂ ಉಳಿದಿರಲಿಲ್ಲ. "ನಂಗೆ ವಿಜಯದಶಮಿಗೆ ಕಟ್ಟಡ ಕೈಗೆ ಬೇಕಿತ್ತು, ಹೌದು, ಅದಕ್ಕೇ ಒಪ್ಪಿದೆ. ತಪ್ಪು ನಂದೂ ಇದೆ. ಬುಧವಾರ ಸಂಜೆ ಬಾಗಿಲು ತೆಗೆದೆ. ಬೆಳಕು ಬಿತ್ತು. ಏಣಿ ಮೇಲಿಂದ ಗಾಜು ಸೆರಗಲ್ಲಿ ಸುತ್ಕೊಂಡು ಇಳೀತಾ ಇದ್ದೋರು... ಸುಚೇತಾ."

ಯಾರದೋ ಬಾಯಿಂದ "ಶಿವಾ" ಅಂತ ಬಂತು.

"ಇನ್ನೂ ಇದೆ, ಪೂರ್ತಿ ಕೇಳ್ಕೊಳ್ಳಿ. ಮಗಳ ಹೆಸರು ನಾನು ಹುಟ್ಟಿಸಿದ್ದಲ್ಲ. 'ಜಾನ್ವಿ ಮಾಡಿದ್ಲು ಅಂತ ಹೇಳಿ, ಅವಳು ಇಂಗ್ಲೆಂಡಿಗೆ ಹೋಗೋದು ನಿಲ್ಲತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ' ಅಂತ ಅವರೇ ಕೇಳ್ಕೊಂಡಿದ್ದು. ಅಲ್ಲೇ, ಆ ಪೀಠದ ಮುಂದೆ."

ಗುಂಪು ಇಬ್ಭಾಗವಾಗಿ ಸರಿಯಿತು. ಸುಚೇತಾ ಕೈ ಇಳಿಸಿದಳು. ಅಲ್ಲಗಳೆಯಲಿಲ್ಲ. ಅಳಲೂ ಇಲ್ಲ. ಫ್ಲಾಸ್ಕನ್ನು ಇಬ್ಬನಿಯ ಹುಲ್ಲಿನ ಮೇಲೆ ಇಟ್ಟು, ಸೆರಗು ಸರಿ ಮಾಡಿಕೊಂಡು, ಸುತ್ತ ಯಾರೂ ಇಲ್ಲವೇನೋ ಎಂಬಂತೆ ಮಗಳಿಗೆ ಹೇಳಿದಳು: "ಮನೆಗೆ ಹೋಗೋಣ ನಡಿ. ಅಲ್ಲಿ ಎಲ್ಲ ಹೇಳ್ತೀನಿ."

ಜಾನ್ವಿ ಕದಲಲಿಲ್ಲ. ಎಂಟುನೂರು ವರ್ಷದ ಆ ಕಮಾನಿನ ಕೆಳಗೆ ಒಂದು ಕೈಯಿಂದ ಕಂಬ ಹಿಡಿದುಕೊಂಡಿದ್ದಳು. ಹುಡುಗಿಯನ್ನು ಅಪ್ಪಿಕೊಳ್ಳಬೇಕು ಅನ್ನಿಸಿ ನೀಲಾಂಬಿಕಾ ಒಂದು ಹೆಜ್ಜೆ ಮುಂದೆ ಇಟ್ಟಳು. ಜಾನ್ವಿ ಇನ್ನೊಂದು ಕೈ ಎತ್ತಿ ತಡೆದಳು.

ಬೆಳಗಿನಿಂದ ಕೇಳಿದ್ದಕ್ಕೆಲ್ಲ ಹೆಚ್ಚುಕಡಿಮೆ ಇಂಗ್ಲಿಷಿನಲ್ಲೇ ಉತ್ತರಿಸಿದ್ದ ಹುಡುಗಿ, ಈಗ ತಾಯಿಯ ಭಾಷೆಯಲ್ಲಿ, ಪ್ರತಿಯೊಂದು ಮಾತನ್ನೂ ಬಿಡಿಸಿ ಹೇಳಿದಳು.

"ಇಲ್ಲ ಅಮ್ಮ. ನನ್ ಹೆಸರು ಹಾಳು ಮಾಡಿದ್ದು ಇಲ್ಲಿ, ಇವರೆಲ್ಲರ ಮುಂದೆ. ಇಲ್ಲೇ ಹೇಳು. ಗಾಜು ಎಲ್ಲಿ?"